ದೊಡ್ಡ ಟೈರು, ಬೆಟ್ಟದ ರಸ್ತೆ, ಮೂವತ್ತೊಂಬತ್ತು ಹಲ್ಲು

ದೊಡ್ಡ ಟೈರು ಹಾಕಿಸಿದ ದಿನ ಮಾಲೀಕ ಗಾಡಿಯ ಸುತ್ತ ಸುತ್ತುತ್ತಲೇ ಇರುತ್ತಾನೆ. ಗಾಡಿ ಎತ್ತರವಾಯಿತು, ಗತ್ತು ಬಂತು, ಬೀದಿಯವರೆಲ್ಲ ತಿರುಗಿ ನೋಡುತ್ತಾರೆ ಅಂತ ಮೀಸೆ ತಿರುವುತ್ತಾನೆ. ಇಂಜಿನ್ನಿಗೆ ಏನಾಯಿತು ಅಂತ ಕೇಳುವುದಿಲ್ಲ. ಅದು ನೆನಪಾಗುವುದು ಮೊದಲ ದಿಣ್ಣೆ ಬಂದಾಗ. ಈಗ ಗ್ಯಾರೇಜಿಗೆ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಅಂಥ ಗಾಡಿ ನಿಮ್ಮ ಬಾಗಿಲಿಗೆ ಬಂದರೆ ಟೈರನ್ನು ನೋಡುತ್ತ ನಿಲ್ಲಬೇಡಿ. ಬಗ್ಗಿ ಹಿಂದಿನ ಆಕ್ಸಲ್ಲಿನ ಮಧ್ಯೆ ಇರುವ ಗುಂಡನೆಯ ಬುರುಡೆ ನೋಡಿ. ಇರುವ ಸಂಗತಿಯೆಲ್ಲ ಅದರೊಳಗಿದೆ.

ಆ ಬುರುಡೆ ಬಿಚ್ಚಿ ಮುಚ್ಚುವುದರಲ್ಲೇ ನನ್ನ ಆಯುಸ್ಸು ಕಳೆಯಿತು. ಬೇಸರವಾಗಿದೆಯಾ ಅಂತ ಕೇಳಿದರೆ ಇಲ್ಲ. ಇವತ್ತು ಬೀದಿಯಲ್ಲಿ ಒಂದು ಪಿಕಪ್ ಊಳಿಡುತ್ತ ಹೋದರೂ ನನ್ನ ಕಿವಿ ನೆಟ್ಟಗಾಗುತ್ತದೆ. ಒಳಗೆ ಹಲ್ಲು ಎಲ್ಲಿ ಉಜ್ಜುತ್ತಿದೆ ಅಂತ ಕೂತಲ್ಲೇ ಹೇಳುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ನಜರ್‌ಬಾದಿನ ಒಂದು ಗ್ಯಾರೇಜಿಗೆ ಹೋದೆ. ಗಂಡ ಲಾರಿ ಕ್ಲೀನರ್ ಆಗಿದ್ದ, ಸತ್ತುಹೋದ. ಕೆಲಸ ಬೇಕಿತ್ತು. ಗ್ಯಾರೇಜಿನ ಮೇಸ್ತ್ರಿ ಖಾದರ್ ಸಾಬರಿಗೆ ಬಿಚ್ಚಿದ ಸಾಮಾನು ತೊಳೆಯುವವರು ಬೇಕಿತ್ತು. ಗಂಡಾಳುಗಳು ತೊಳೆಯುವುದೆಂದರೆ ಅದ್ದಿ ಎತ್ತುವುದು ಅಂದುಕೊಂಡಿದ್ದರು. ಹೀಗೆ ನನಗೆ ಸಿಕ್ಕಿದ್ದು ಸೀಮೆಎಣ್ಣೆ ತೊಟ್ಟಿ. ಬೆಳಿಗ್ಗೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರೆ ಸಂಜೆಗೆ ಏಳುವುದು. ಕೈ ಚರ್ಮ ಸುಲಿದು ಬರುತ್ತಿತ್ತು. ಅನ್ನದಲ್ಲೂ ಸೀಮೆಎಣ್ಣೆ ವಾಸನೆ.

ಆದರೆ ಒಂದು ಲಾಭವಿತ್ತು. ಗಾಡಿಯ ಹೊಟ್ಟೆಯೊಳಗಿನದೆಲ್ಲ ನನ್ನ ಕೈಯಲ್ಲೇ ಹಾದು ಹೋಗುತ್ತಿತ್ತು. ಒಂದು ದಿನ ತಟ್ಟೆಯಂಥ ದೊಡ್ಡ ಹಲ್ಲುಚಕ್ರವೂ, ಅದರ ಜೊತೆಗೆ ಮೂಲಂಗಿಯಂತೆ ಕಾಂಡವಿರುವ ಚಿಕ್ಕ ಹಲ್ಲುಚಕ್ರವೂ ಬಂದವು. ಇದೇನು ಅಂತ ಕೇಳಿದೆ.

ಮೇಸ್ತ್ರಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: "ನೋಡಮ್ಮ ಕೆಂಪಮ್ಮ, ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಇಂಜಿನ್ನಿನ ಜೋರು ಉದ್ದ ಶಾಫ್ಟಲ್ಲಿ ಬಂದು ಚಿಕ್ಕದನ್ನ ತಿರುಗಿಸ್ತದೆ. ಚಿಕ್ಕದು ದೊಡ್ಡದನ್ನ ತಿರುಗಿಸ್ತದೆ. ದೊಡ್ಡದು ಗಾಲಿ ತಿರುಗಿಸ್ತದೆ. ಅಷ್ಟೇ. ಇದ್ಕಿಂತ ಜಾಸ್ತಿ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಅವರಿಗೆ ಗೊತ್ತಿತ್ತು. ಮಾತು ಬೆಳೆಸುವುದು ಬೇಕಿರಲಿಲ್ಲ, ಅಷ್ಟೆ. ನಾನು ತೊಳೆಯುತ್ತಲೇ ಹಲ್ಲು ಎಣಿಸಿದೆ. ದೊಡ್ಡದಕ್ಕೆ ಮೂವತ್ತೇಳು, ಚಿಕ್ಕದಕ್ಕೆ ಒಂಬತ್ತು. ಅಂದರೆ ಗಾಲಿ ಒಂದು ಸುತ್ತು ಬರಬೇಕಾದರೆ ಶಾಫ್ಟು ನಾಲ್ಕು ಸುತ್ತು, ಮೇಲೊಂದು ಚೂರು ತಿರುಗಬೇಕು.

ನಿಮಗೆ ಅರ್ಥವಾಗುವಂತೆ ಹೇಳುತ್ತೇನೆ. ಅಪ್ಪ ಮಗುವಿನ ಕೈ ಹಿಡಿದು ಸಂತೆಗೆ ನಡೆಯುತ್ತಾನೆ. ಅಪ್ಪನ ಒಂದು ಹೆಜ್ಜೆಗೆ ಮಗುವಿನದು ನಾಲ್ಕು ಹೆಜ್ಜೆ. ಅಪ್ಪ ಗಾಲಿ, ಮಗು ಇಂಜಿನ್ನು. ಈಗ ಅಪ್ಪನ ಕಾಲು ಉದ್ದವಾಯಿತು ಅನ್ನಿ. ಅವನ ಒಂದು ಹೆಜ್ಜೆಗೆ ಮಗು ಇನ್ನೂ ನಾಲ್ಕೇ ಹೆಜ್ಜೆ ಹಾಕಬೇಕೆಂದರೆ ಪ್ರತಿ ಹೆಜ್ಜೆಗೂ ತಿಣುಕಬೇಕು, ದಿಣ್ಣೆಯಲ್ಲಿ ಕುಸಿದು ಕೂರುತ್ತದೆ. ಮಗುವಿಗೆ ಐದು ಹೆಜ್ಜೆ ಕೊಡಿ, ಸಲೀಸಾಗಿ ಬರುತ್ತದೆ. ಆರು ಕೊಟ್ಟರೆ ದಿಣ್ಣೆ ಏನೋ ಹತ್ತುತ್ತದೆ, ಆದರೆ ಬಯಲು ರಸ್ತೆಯಲ್ಲಿ ಅಪ್ಪ ಬಿರುಸಾಗಿ ನಡೆದರೆ ಮಗು ಓಡಿ ಓಡಿ ನಾಲಿಗೆ ಹೊರಹಾಕುತ್ತದೆ. ಎಷ್ಟು ಹೆಜ್ಜೆ ಕೊಡಬೇಕು ಅನ್ನುವುದೇ ನಮ್ಮ ಕೆಲಸ. ಉಳಿದದ್ದು ಬೋಲ್ಟು ಬಿಚ್ಚುವುದು, ಬೋಲ್ಟು ಹಾಕುವುದು.

ಇದನ್ನೆಲ್ಲ ನಾನು ಪೂರ್ತಿ ಕಲಿತದ್ದು ಒಂದೇ ಗಾಡಿಯಲ್ಲಿ. ಅದು ಇಲವಾಲದ ಸಿದ್ದೇಗೌಡರದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜು ಹಾಕಿದ್ದರು. ಸಿದ್ದೇಗೌಡರು ಅದರಲ್ಲಿ ಒಂದು ಪಿಕಪ್ ಹಿಡಿದಿದ್ದರು. ಗಟ್ಟಿ ಗಾಡಿ. ಹಿಂದಿನ ಗಾಲಿಗೆ ಎಳೆತ ಯಾವಾಗಲೂ ಇದ್ದೇ ಇರುತ್ತಿತ್ತು. ಕೆಸರು ಬಂದರೆ ಡ್ರೈವರ್ ಪಕ್ಕದ ಒಂದು ಚಿಕ್ಕ ಲಿವರ್ ಎಳೆದು ಮುಂದಿನ ಗಾಲಿಗೂ ಎಳೆತ ಕೊಡಬಹುದಿತ್ತು. ವಾರವೆಲ್ಲ ಇಲವಾಲದಿಂದ ಹುಣಸೂರು ರಸ್ತೆಯಲ್ಲಿ ತರಕಾರಿ ತುಂಬಿ ಪಟ್ಟಣಕ್ಕೆ ತರುವುದು, ನಡುವೆ ಚಾಮುಂಡಿ ಬೆಟ್ಟದ ಅಂಗಡಿಗಳಿಗೆ ತೆಂಗಿನಕಾಯಿ, ಹೂವು, ಸೋಡಾ ಕ್ರೇಟು ಸಾಗಿಸುವುದು ಅವರ ಕಸುಬು.

ಟೈರು ಸವೆಯಿತು. ಆ ಅಳತೆಯ ಟೈರು ಆಗ ಪೇಟೆಯಲ್ಲೆಲ್ಲೂ ಇರಲಿಲ್ಲ. ಹರಾಜಿನ ರಾಶಿಯಲ್ಲಿ ಸಿಕ್ಕಿದ್ದು ದೊಡ್ಡ ಗಾಡಿಯ ಟೈರು. ರಿಮ್ಮಿಗೆ ಕೂತಿತು, ಹಾಕಿಸಿಬಿಟ್ಟರು. ಗಾಡಿ ತೋರಿಸಲು ನಮ್ಮಲ್ಲಿಗೇ ಬಂದಿದ್ದರು.

"ಮೇಸ್ತ್ರಿಗಳೇ, ಎಂಗದೆ ನಮ್ ಆನೆ?" ಅಂತ ಬಾಗಿಲಲ್ಲೇ ಹಾರನ್ ಒತ್ತಿದರು. "ಇಂಜಿನ್ನು ಸದ್ದೇ ಇಲ್ಲ ಕಣ್ರೀ. ಮುಳ್ಳು ಮೂವತ್ತೈದೇ ತೋರಿಸ್ತದೆ, ಆದ್ರೆ ಇವತ್ತು ಹುಣಸೂರು ಬಸ್ಸನ್ನೇ ಹಿಂದಾಕ್ಬುಟ್ಟೆ!"

"ಮುಳ್ಳಿಗೆ ಏನ್ ಗೊತ್ತು ನೀನು ಕಾಲು ಬದಲಾಯ್ಸಿರೋದು?" ಅಂದರು ಮೇಸ್ತ್ರಿ. "ಅದು ಹಳೇ ಟೈರಿನ ಲೆಕ್ಕದಲ್ಲೇ ಹೇಳ್ತದೆ. ನೀನು ನಲವತ್ತರಲ್ಲಿ ಹೋಗ್ತಾ ಇದ್ದೀಯ. ಪೊಲೀಸಿನೋರು ಹಿಡಿದ್ರೆ ಮುಳ್ಳನ್ನ ಸಾಕ್ಷಿಗೆ ಕರ್ಕೊಂಡೋಗು."

ಗೌಡರು ನಕ್ಕು ಹೋದರು. ನಾಲ್ಕೇ ದಿನಕ್ಕೆ ವಾಪಸ್ಸು ಬಂದರು. ಈ ಸಲ ಹಾರನ್ ಇಲ್ಲ.

"ಬೆಟ್ಟದ ನಂದಿ ಇನ್ನೂ ಕಂಡಿಲ್ಲ ಮೇಸ್ತ್ರಿಗಳೇ, ನಿಂತೋಯ್ತು. ಫಸ್ಟ್ ಗೇರಲ್ಲೂ ಉಸಿರಿಲ್ಲ. ನೀರು ಕುದ್ದು ಬುಸ್ ಅಂತು. ಕಾಯಿ ಚೀಲ ಇಳಿಸುವಾಗ ಒಂದು ಬಾಯಿ ಬಿಚ್ಕತು ನೋಡಿ, ಕಾಯೆಲ್ಲ ಗುಡುಗುಡು ಅಂತ ಕೆಳಕ್ಕೆ. ಮೆಟ್ಟಲು ಹತ್ತೋರು, 'ಗೌಡ್ರೇ, ಅಮ್ಮನಿಗೆ ಇಲ್ಲಿಂದ್ಲೇ ಈಡುಗಾಯಿ ಹೊಡೀತಿದೀರಾ' ಅಂತಾರೆ."

ನಗುವ ಹೊತ್ತಾಗಿರಲಿಲ್ಲ. ಆಷಾಢ ಹತ್ತಿರ ಬರುತ್ತಿತ್ತು. ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ಮೇಲೆ ಜನ ಇರುವೆ ಮುತ್ತಿದಂತೆ. ಅಂಗಡಿಗಳಿಗೆ ಕಾಯಿ ಸಾಗಿಸುವ ಕೆಲಸ ಸಿಕ್ಕವರಿಗೆ ಆ ತಿಂಗಳು ಕೈ ತುಂಬ ಕೆಲಸ, ಮುಂದೆ ವರ್ಷವೆಲ್ಲ ಅದೇ ನಂಟು. ಅಂಗಡಿಯವರ ಪರವಾಗಿ ಮಾತಾಡುತ್ತಿದ್ದವನು ಕಾಯಿ ಅಂಗಡಿಯ ರಾಮಣ್ಣ. ಅವನು ಖಡಾಖಂಡಿತವಾಗಿ ಹೇಳಿದ್ದ: ಆಷಾಢಕ್ಕೆ ಮುಂಚೆ ಒಂದು ದಿನ ಪೂರ್ತಿ ಲೋಡಿನಲ್ಲಿ, ನಡುವೆ ಒಂದು ಚೀಲವನ್ನೂ ಇಳಿಸದೆ ಗಾಡಿಯನ್ನು ಮೇಲಕ್ಕೆ ಹತ್ತಿಸಿ ತೋರಿಸಬೇಕು, ನಾನೂ ಗಾಡಿಯಲ್ಲೇ ಇರುತ್ತೇನೆ. ಆಗದಿದ್ದರೆ ಕೆಲಸ ಬೇರೆಯವರ ಲಾರಿಗೆ.

ಮೇಸ್ತ್ರಿ ಗುಜರಿ ರಾಶಿಗಳನ್ನೆಲ್ಲ ಕೆದಕಿ ಎರಡು ಸೆಟ್ಟು ಕ್ರೌನು ಪಿನಿಯನ್ನು ತಂದರು. ತುಕ್ಕು, ಒಣಗಿದ ಗ್ರೀಸು. ತೊಟ್ಟಿಗೆ ಬಂದವು. ನಾನು ಉಜ್ಜಿ ತೊಳೆದು, ಒಂದು ಹಲ್ಲಿಗೆ ಸುಣ್ಣದ ಚುಕ್ಕೆ ಇಟ್ಟು ಎಣಿಸಿದೆ. ಒಂದು ಮೂವತ್ತೊಂಬತ್ತಕ್ಕೆ ಎಂಟು: ಐದು ಸುತ್ತಿಗೆ ಒಂದು ಚೂರು ಕಮ್ಮಿ. ಇನ್ನೊಂದು ನಲವತ್ತೊಂದಕ್ಕೆ ಏಳು: ಆರು ಸುತ್ತಿಗೆ ಒಂದು ಚೂರು ಕಮ್ಮಿ.

ಮೇಸ್ತ್ರಿ ಎರಡನೆಯದನ್ನು ಎತ್ತಿ ಮುದ್ದಾಡುವುದೊಂದು ಬಾಕಿ. "ಇದು ಹಾಕಿದ್ರೆ ಗೌಡ, ನಿನ್ ಗಾಡಿ ಗೋಡೆ ಹತ್ತುತ್ತೆ."

ನಾನು ತೊಟ್ಟಿಯ ಹತ್ತಿರದಿಂದಲೇ ಅಂದೆ: "ಗೋಡೆ ಹತ್ತೋದು ತಿಂಗಳಿಗೆ ನಾಕು ಸಲ. ಇಲವಾಲಕ್ಕೆ ದಿನಾ ಹೋಗ್ಬೇಕಲ್ಲ ಸಾಬ್ರೇ? ಅದು ಹಾಕಿದ್ರೆ ಬಯಲಲ್ಲಿ ಇಂಜಿನ್ನು ಬೊಬ್ಬೆ ಹೊಡೀತದೆ. ಈ ಐದರದ್ದು ಸಾಕು."

"ಸಾಕು ಅಂತ ನಿಂಗೆ ಯಾರು ಹೇಳಿದ್ರು?"

"ಟೈರು ಹೇಳ್ತದೆ. ಅಳೀರಿ."

ಅಳೆದೆವು. ಇದು ನೀವು ಕಲಿಯಬೇಕಾದದ್ದು. ಮೇಸ್ತ್ರಿ ಬಿಚ್ಚಿಟ್ಟ ಟೈರಿಗೆ ಹಗ್ಗ ಸುತ್ತಿ ನೋಡಲು ಹೊರಟರು. ಟೈರಿನ ಮೇಲೆ ಕಲ್ಲು ಹೊರಿಸದೆ ಅಳೆದರೆ ಅದು ಅಳತೆಯಲ್ಲ ಅಂದೆ. ಭಾರ ಬಿದ್ದಾಗ ಟೈರು ತಗ್ಗುತ್ತದೆ, ನೆಲದ ಮೇಲೆ ಅದು ಹೋಗುವ ದೂರ ಕಡಿಮೆಯಾಗುತ್ತದೆ. ಗೌಡರು ಬೈದುಕೊಂಡೇ ಗಾಡಿಗೆ ಕಲ್ಲು ಹೇರಿದರು. ದೊಡ್ಡ ಟೈರಿನ ಬದಿಗೆ ಸುಣ್ಣದ ಗೀಟು ಹಾಕಿ, ನೆಲದಲ್ಲೂ ಗೀಟು ಹಾಕಿ, ಗಾಡಿಯನ್ನು ತಳ್ಳಿ, ಟೈರಿನ ಗೀಟು ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗೀಟು. ಆ ದೂರಕ್ಕೆ ಒಂದು ಹಗ್ಗ. ಹಳೆಯ ಟೈರು ಹಾಕಿ ಹಾಗೆಯೇ ಇನ್ನೊಂದು ಹಗ್ಗ.

ಎರಡು ಹಗ್ಗ ಪಕ್ಕದಲ್ಲಿಟ್ಟೆ. ಹಳೆಯ ಹಗ್ಗವನ್ನು ಎಂಟು ಮಡಿಕೆ ಮಾಡಿದೆ. ಹೊಸ ಹಗ್ಗದಲ್ಲಿ ಹೆಚ್ಚಾಗಿ ಉಳಿದ ತುಂಡು ಸರಿಯಾಗಿ ಒಂದು ಮಡಿಕೆ ಬಂತು. ಎಂಟಕ್ಕೆ ಒಂದು ಹೆಚ್ಚು. ಹಾಗಾದರೆ ಹಲ್ಲಿನ ಲೆಕ್ಕದಲ್ಲೂ ಎಂಟಕ್ಕೆ ಒಂದು ಹೆಚ್ಚು ಕೊಡಬೇಕು. ನಾಲ್ಕು ಚಿಲ್ಲರೆ ಸುತ್ತಿಗೆ ಅರ್ಧ ಸುತ್ತು ಸೇರಿಸಿದರೆ ನಾಲ್ಕೂವರೆ ದಾಟುತ್ತದೆ. ಅಷ್ಟಾದರೆ ಗಾಡಿ ಮೊದಲಿನಂತಾಯಿತು. ಐದರ ಸೆಟ್ಟು ಅದಕ್ಕಿಂತ ಸ್ವಲ್ಪ ಮೇಲೆ, ಬೆಟ್ಟಕ್ಕೆ ಅಂತ ಒಂದು ಹಿಡಿ ಹೆಚ್ಚು. ಆರರದ್ದು ಎಲ್ಲಿಗೋ ಹೋಯಿತು.

ಮೇಸ್ತ್ರಿ ಹಗ್ಗವನ್ನು ತಾವೇ ಮತ್ತೆ ಮಡಿಸಿ ನೋಡಿದರು. ಒಪ್ಪಿದರು ಅಂತ ಅಂದುಕೊಳ್ಳಬೇಡಿ. "ಇದು ಸರಿ. ಆದ್ರೆ ಟೈರು ದೊಡ್ಡದಾಯ್ತು ಅಂತ ಗೌಡ ಲೋಡನ್ನೂ ಜಾಸ್ತಿ ಹೇರ್ತಾನೆ. ಅದು ನಿನ್ ಹಗ್ಗದಲ್ಲಿ ಎಲ್ಲಿದೆ?"

ಒಳ್ಳೆಯ ಪ್ರಶ್ನೆ. ಲೋಡಿನ ಲೆಕ್ಕ ಹಗ್ಗದಲ್ಲಿ ಇರಲಿಲ್ಲ. ಆದರೂ ಪಟ್ಟು ಬಿಡಲಿಲ್ಲ. ಕೊನೆಗೆ ಅವರಿಗೇ ಸಿಟ್ಟು ಬಂತು. "ಆಯ್ತು, ನೀನ್ ಹೇಳಿದ್ದೇ ಹಾಕ್ತೀನಿ. ಗಾಡಿ ಬೆಟ್ಟ ಹತ್ತಿದ್ರೆ ಮಾರನೇ ದಿನದಿಂದ ನೀನು ತೊಟ್ಟಿ ಬಿಟ್ಟು ಬೆಂಚಿಗೆ ಬಾ. ಹತ್ತದೇ ಇದ್ರೆ ತೊಟ್ಟಿ ಮುಂದೆ ಕೂತ್ಕೊಂಡು ಬಾಯಿ ಮುಚ್ಕೊಂಡಿರು. ಬೆಂಚು ಅನ್ನೋ ಮಾತೇ ಎತ್ಬಾರ್ದು."

ಬೆಂಚು ಅಂದರೆ ಗೋಡೆ ಪಕ್ಕದ ದಪ್ಪ ಹಲಗೆ. ಬಿಗಿಹಿಡಿಯುವ ವೈಸು, ಪಾನಾಗಳು, ಅಳತೆಯ ತಗಡುಗಳು ಎಲ್ಲ ಅಲ್ಲೇ. ಅಲ್ಲಿ ನಿಂತವನು ಮೆಕ್ಯಾನಿಕ್. ತೊಟ್ಟಿ ಮುಂದೆ ಕೂತವಳು ಕೂಲಿ.

"ನನ್ ಗಾಡಿ ಮೇಲೆ ನೀವಿಬ್ರೂ ಜೂಜಾಡ್ತೀರಾ?" ಅಂತ ಗೌಡರು ಕೂಗಿದರು. ಯಾರೂ ಅವರ ಕಡೆ ನೋಡಲಿಲ್ಲ.

ಸೆಟ್ಟು ಕೂರಿಸುವುದು ನಾಜೂಕಿನ ಕೆಲಸ. ಕ್ರೌನೂ ಪಿನಿಯನ್ನೂ ಗಂಡ ಹೆಂಡಿರಿದ್ದಂತೆ, ಜೊತೆ ಬದಲಾಯಿಸಬಾರದು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಎಲ್ಲಿ ಉಜ್ಜುತ್ತದೋ ಅಲ್ಲಿ ಬಣ್ಣ ಅಳಿಸಿ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಗೆ ಬಿದ್ದರೆ ಊಳು, ಬುಡಕ್ಕೆ ಬಿದ್ದರೆ ಬಿಸಿ. ತೆಳು ತಗಡು ಹಾಕಿ ತೆಗೆದು ಸರಿಮಾಡಬೇಕು. ಅವತ್ತು ಮೇಸ್ತ್ರಿಯ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ನಾನು ಹೋಗಿ ಕುಂಕುಮ ತಂದೆ. ಅಂಗಡಿಯವಳು ನನ್ನ ಬೋಳು ಹಣೆ ನೋಡಿ ಕೇಳಿದಳು: "ಯಾರಿಗಮ್ಮ ಕುಂಕುಮ?"

"ಹಲ್ಲಿಗೆ."

"ಹಲ್ಲಿಗಾ!"

ಅವಳ ಬಾಯಿ ಮುಚ್ಚುವ ಮೊದಲೇ ಬಂದುಬಿಟ್ಟೆ. ಹರಳೆಣ್ಣೆಯಲ್ಲಿ ಕಲಸಿ ಹಚ್ಚಿದರೆ ಎಷ್ಟು ಚೆಂದ ಗುರುತು ಬಿತ್ತು ಅಂತೀರಿ! ಪ್ರತಿ ಹಲ್ಲಿನ ನಡುವೆ ಬಾದಾಮಿಯಷ್ಟು ಜಾಗ ಬೆಳ್ಳಗೆ ಫಳಫಳ. ಆಮೇಲೆ ಮೇಸ್ತ್ರಿ ಬಣ್ಣದ ಡಬ್ಬಿ ಕೊಳ್ಳಲೇ ಇಲ್ಲ.

ಗಾಡಿಯನ್ನು ಇಲವಾಲದವರೆಗೆ ಓಡಿಸಿ ಬಂದೆವು. ಇಂಜಿನ್ನು ಹಗುರ. ಬೊಬ್ಬೆಯಿಲ್ಲ, ಏದುಸಿರಿಲ್ಲ. ಒಂದೇ ಒಂದು ಕೊರತೆ ಉಳಿದಿತ್ತು. ಐದರ ಸೆಟ್ಟು ಸಿಕ್ಕಿದ್ದು ಒಂದೇ, ಅದು ಹಿಂದಿನ ಆಕ್ಸಲ್ಲಿಗೆ ಹೋಯಿತು. ಮುಂದಿನ ಆಕ್ಸಲ್ಲಿನಲ್ಲಿ ಹಳೆಯ ನಾಲ್ಕರದ್ದೇ ಇತ್ತು. ಸುಮ್ಮನೆ ಓಡುವಾಗ ತೊಂದರೆಯಿಲ್ಲ. ಲಿವರ್ ಎಳೆದು ಮುಂದಿನ ಗಾಲಿಗೂ ಎಳೆತ ಕೊಟ್ಟರೆ ಮಾತ್ರ ಕೆಟ್ಟಿತು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತಿನಲ್ಲಿ ಒಂದು ಓಡುತ್ತದೆ, ಒಂದು ನಡೆಯುತ್ತದೆ. ಮುಂದಿನ ಗಾಲಿ ಮುಂದಕ್ಕೆ ಎಳೆದರೆ ಹಿಂದಿನದು ತಡೆಯುತ್ತದೆ.

ಸರಿಯಾದ ಕ್ರಮ ಅಂದರೆ ಮುಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟನ್ನೇ ಬಿಚ್ಚಿ ಇಡುವುದು. ಅದರ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಹೊತ್ತೂ ಮುಳುಗುತ್ತಿತ್ತು.

"ಬಿಡು, ಆಮೇಲೆ ಬಿಚ್ಚೋಣ," ಅಂದರು ಮೇಸ್ತ್ರಿ. "ಈಗ ಲಿವರ್ ಕಟ್ಟಿಬಿಡು. ಯಾರೂ ಎಳೆಯೋ ಹಂಗಿರ್ಬಾರ್ದು."

ಗ್ರೀಸು ಮೆತ್ತಿದ ಸೆಣಬಿನ ಹಗ್ಗದಲ್ಲಿ ಲಿವರನ್ನು ಸೀಟಿನ ಕಾಲಿಗೆ ಬಿಗಿದು ನಾನೇ ಕಟ್ಟಿದೆ. ಗೌಡರಿಗೂ ಹೇಳಿದೆವು. ಅವರು ಹೂಂಗುಟ್ಟಿದರು. ಹೊಸ ಸೀರೆ ಉಟ್ಟ ಹೆಂಗಸಿನ ಹಾಗೆ ಮನಸ್ಸೆಲ್ಲ ಗಾಡಿಯ ಮೇಲಿತ್ತು, ಕಿವಿ ಇರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಗಾಡಿ ಇಲವಾಲದಿಂದ ಬಂದಾಗ ಗುರುತೇ ಸಿಗಲಿಲ್ಲ. ಗೌಡರ ತಾಯಿ ಚಿಕ್ಕತಾಯಮ್ಮ ಗಾಡಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ತಾವೂ ಮುಂದಿನ ಸೀಟಿನಲ್ಲಿ ದೇವಿಯಂತೆ ಕೂತಿದ್ದರು. ಕಾಯಿ ಚೀಲ ಹೇರಿದೆವು. ಮೇಸ್ತ್ರಿ ಹೇಳಿದ್ದು ನಿಜವಾಯಿತು, ಗೌಡರು ಲೆಕ್ಕಕ್ಕಿಂತ ಜಾಸ್ತಿಯೇ ಹೇರಿಸಿದರು. ಮೇಸ್ತ್ರಿ ನನ್ನ ಮುಖ ನೋಡಿ ಹುಬ್ಬು ಹಾರಿಸಿದರು.

ನಾನು ಹಿಂದೆ ಹತ್ತಿ ಚೀಲದ ಮೇಲೆ ಕೂರುತ್ತಿದ್ದಂತೆ ಚಿಕ್ಕತಾಯಮ್ಮ ಮಗನಿಗೆ ಹೇಳಿದ್ದು ಕೇಳಿಸಿತು: "ಹೊಸ ಹಲ್ಲು ಹಾಕ್ಸಿ ಮೊದಲ್ನೇ ಸಲ ಅಮ್ಮನ ಬೆಟ್ಟಕ್ಕೆ ಹೋಗೋ ಗಾಡಿ. ಇವಳ್ಯಾಕೋ?"

"ಕೆಟ್ರೆ ರಿಪೇರಿಗೆ ಕಣವ್ವ."

"ಕೆಡ್ತದೆ ಅಂತ ಈಗ್ಲೇ ಅಂತೀಯಲ್ಲೋ ಬಾಯಿಬಡುಕ!"

ನಾನು ಇಳಿಯಲಿಲ್ಲ. ಮೇಸ್ತ್ರಿಯೂ ರಾಮಣ್ಣನೂ ನನ್ನ ಜೊತೆ ಹಿಂದೆಯೇ ಕೂತರು.

ಗಾಡಿ ಬೆಟ್ಟಕ್ಕೆ ಮುಖ ಮಾಡಿತು. ಮೊದಲ ಏರು ಬಂತು, ಗೌಡರು ಗೇರು ಇಳಿಸಿದರು. ಇಂಜಿನ್ನು ಒಂದೇ ಹದದಲ್ಲಿ ಗುಂಯ್ ಅನ್ನುತ್ತ ಎಳೆಯಿತು. ನನ್ನ ಕುಂಡಿಯ ಕೆಳಗೆ ಆ ಮೂವತ್ತೊಂಬತ್ತು ಹಲ್ಲು ತಿರುಗುತ್ತಿರುವುದು ನನಗೆ ತಿಳಿಯುತ್ತಿತ್ತು. ಹಿಂದಿನ ಸಲ ಕಾಯಿ ಉರುಳಿದ ಜಾಗ ದಾಟಿತು. ನಂದಿಗೆ ತಿರುಗುವ ದಾರಿ ದಾಟಿತು. ಕೆಳಗೆ ಊರು ಚಿಕ್ಕದಾಗುತ್ತ ಹೋಯಿತು, ಗಾಳಿ ತಣ್ಣಗಾಯಿತು. ಕೂಗಬೇಕು ಅನ್ನಿಸಿತು, ಕೂಗಿಬಿಟ್ಟೆ. ರಾಮಣ್ಣ ಹೆದರಿ ಚೀಲ ಹಿಡಿದುಕೊಂಡ.

"ಏನಮ್ಮ, ಏನಾಯ್ತು?"

"ಹತ್ತುತಾ ಇದೆ ಕಣಯ್ಯಾ!"

ಮೇಲೆ ಒಂದು ಕಡಿದಾದ ತಿರುವಿದೆ. ಅಲ್ಲಿಗೆ ಬರುವಾಗ ಎದುರಿಗೆ ಬಸ್ಸು. ಗೌಡರು ಬ್ರೇಕು ಹಾಕಿ ನಿಲ್ಲಿಸಬೇಕಾಯಿತು. ಬಸ್ಸು ಹೋಯಿತು. ಈಗ ತುಂಬಿದ ಗಾಡಿ, ನಿಂತ ನೆಲದಿಂದ, ಏರಿನಲ್ಲಿ ಎತ್ತಬೇಕು. ಕ್ಲಚ್ಚು ಬಿಟ್ಟರು. ಗಾಡಿ ಜಗ್ಗಿತು, ಒಂದಿಷ್ಟು ದೂರ ಬಂತು, ಆಮೇಲೆ ಗಡಗಡ ನಡುಗಿತು. ಟೈರು ಕಿರ್ ಅಂತು. ಕೊಂಬು ಹಿಡಿದ ಎತ್ತು ನೆಲಕ್ಕೆ ಕಾಲು ಊರಿದ ಹಾಗೆ ಊರಿಕೊಂಡು ನಿಂತೇಬಿಟ್ಟಿತು. ಇಂಜಿನ್ನು ಆರಿತು.

ನಾನು ಮೇಸ್ತ್ರಿ ಇಬ್ಬರೂ ಧುಮುಕಿ ಗಾಲಿಗಳ ಹಿಂದೆ ಕಲ್ಲು ಕೊಟ್ಟೆವು. ರಾಮಣ್ಣ ನಿಧಾನವಾಗಿ ಇಳಿದು ಪಂಚೆ ಕೊಡವಿದ. "ಚೀಲ ಇಳಿಸ್ತೀರೋ, ಅಂಗೇ ಹಿಂದಕ್ಕೆ ಬುಟ್ಕೊಂಡು ಹೋಗ್ತೀರೋ?"

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಹೇಳಿದ್ನೋ ಇಲ್ವೋ, ಆರರದ್ದು ಹಾಕೋಣ ಅಂತ?"

ಬೆಂಚು ಹೋಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ ಗೌಡರ ಆಷಾಢ ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಆಗ ಸುಟ್ಟ ರಬ್ಬರಿನ ವಾಸನೆ ಬಂತು. ಹಿಂದಿನಿಂದಲ್ಲ, ಮುಂದಿನಿಂದ. ಹೋಗಿ ನೋಡಿದರೆ ಮುಂದಿನ ಟೈರು ರಸ್ತೆಯನ್ನು ಉಜ್ಜಿ ಕಪ್ಪು ಗೀಟು ಎಳೆದಿತ್ತು. ಶಕ್ತಿಯಿಲ್ಲದ ಇಂಜಿನ್ನಾದರೆ ಟೈರು ಉಜ್ಜುವುದಿಲ್ಲ, ಸುಮ್ಮನೆ ನಿಲ್ಲುತ್ತದೆ. ಅಂದರೆ ಎತ್ತುಗಳೆರಡೂ ಕಿತ್ತಾಡುತ್ತಿವೆ.

"ಗೌಡ್ರೇ, ಚಿಕ್ಕ ಲಿವರ್ ಎಳೆದ್ರಾ?"

"ಏರು ಜಾಸ್ತಿ ಅದೆ ಅಂತ ಎಳೆದೆ ಕಣಮ್ಮ. ಮುಂದ್ಲ ಗಾಲೀನೂ ಒಂದು ಕೈ ಹಾಕ್ಲಿ ಅಂತ."

"ಹಗ್ಗ ಬಿಗಿದಿದ್ನಲ್ಲ?"

"ಯಾವ ಹಗ್ಗ? ಹಗ್ಗ ಇರ್ನಿಲ್ವಲ್ಲ."

ಸೀಟಿನಿಂದ ಚಿಕ್ಕತಾಯಮ್ಮನ ದನಿ ಬಂತು. "ಆ ಜಿಡ್ಡುಹಗ್ಗವಾ? ನಾನೇ ಬಿಚ್ಚಿ ತಿಪ್ಪೆಗೆಸೆದೆ. ಪೂಜೆ ಮಾಡೋ ಗಾಡೀಲಿ ಹೆಣ ಕಟ್ಟೋ ಹಗ್ಗದಂಗೆ ಇತ್ತು. ನೋಡಿಲ್ಲಿ, ಅರಿಸಿನದ ದಾರ ಕಟ್ಟಿವ್ನಿ."

ನಿಜ. ಲಿವರಿನ ತಲೆಗೆ ಅರಿಸಿನದ ದಾರ, ಒಂದು ಮಲ್ಲಿಗೆ ಮೊಗ್ಗು, ಕುಂಕುಮದ ಬೊಟ್ಟು. ಕಷ್ಟ ಬಂದಾಗ ಮನುಷ್ಯ ಪೂಜೆ ಮಾಡಿದ್ದನ್ನೇ ಹಿಡಿದುಕೊಳ್ಳುತ್ತಾನೆ. ಗೌಡರೂ ಅದನ್ನೇ ಹಿಡಿದು ಎಳೆದಿದ್ದರು.

ಮೇಸ್ತ್ರಿ ಹಣೆ ಚಚ್ಚಿಕೊಂಡರು. ಆಮೇಲೆ ನಗು ತಡೆಯಲಾರದೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು.

ಲಿವರ್ ಹಿಂದಕ್ಕೆ ತಳ್ಳಿದರೆ ಬರಲಿಲ್ಲ. ಬರುವುದೂ ಇಲ್ಲ. ಎರಡು ಆಕ್ಸಲ್ಲೂ ಜಗ್ಗಾಡಿ, ನಡುವಿನ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತವೆ. ಬಲ ಹಾಕಿದರೆ ಲಿವರ್ ಮುರಿಯುತ್ತದೆ. "ಕಾಲು ಬ್ರೇಕು ಬೇಡ ಗೌಡ್ರೇ, ಹಿಂದಿನ ಗಾಲಿಯ ಕೈಬ್ರೇಕು ಹಿಡ್ಕೊಳ್ಳಿ, ಬಿಟ್ರೆ ನಾನು ಸತ್ತೆ," ಅಂತ ಹೇಳಿ, ಗಾಡಿ ಎತ್ತುವ ಜಾಕಿ ತೆಗೆದುಕೊಂಡು ಮುಂದಿನ ಗಾಲಿಯ ಪಕ್ಕ ಮಲಗಿದೆ. ಎತ್ತಿದೆ. ಟೈರು ನೆಲ ಬಿಡುತ್ತಿದ್ದಂತೆಯೇ, ಯಾರೂ ಮುಟ್ಟದೆ, ಫಟ್ ಅಂತ ತಾನೇ ಅರೆಸುತ್ತು ತಿರುಗಿತು! ನನ್ನ ಕಿವಿ ಪಕ್ಕದಲ್ಲೇ. ರಾಮಣ್ಣ "ಅಮ್ಮಾ ತಾಯಿ" ಅಂತ ಹಿಂದಕ್ಕೆ ಹಾರಿದ. ಒಳಗೆ ಹಿಂಡಿಕೊಂಡಿದ್ದದ್ದು ಬಿಚ್ಚಿಕೊಂಡಿತು. ಎದ್ದು ಲಿವರಿಗೆ ಒಂದು ಬೆರಳು ಕೊಟ್ಟೆ, ಬೆಣ್ಣೆಯಂತೆ ಸರಿದು ಕೂತಿತು. ಅಂಥ ಗಳಿಗೆ ಸಿಕ್ಕರೆ ಆ ದಿನ ಊಟ ಬೇಡ.

"ಇದು ಮತ್ತೆ ಮೇಲೆ ಬರ್ಬಾರ್ದು," ಅಂದೆ. "ಒಂದು ಹಗ್ಗ ಕೊಡಿ."

"ಹಗ್ಗ ಬ್ಯಾಡ," ಅಂದರು ಚಿಕ್ಕತಾಯಮ್ಮ. ಲಿವರಿನ ಮೇಲೆ ಎರಡೂ ಕೈಯಿಟ್ಟು ಒತ್ತಿ ಹಿಡಿದು ಕೂತರು. "ಬಿಚ್ಚಿದೋಳು ನಾನು, ಕಾಯೋಳೂ ನಾನೇ. ಯಾವನು ಮುಟ್ತಾನೋ ನೋಡ್ತೀನಿ."

ಇಂಜಿನ್ನು ಹೊತ್ತಿತು. ರಾಮಣ್ಣ ಈ ಸಲ ಹತ್ತಲಿಲ್ಲ, ಪಕ್ಕದಲ್ಲಿ ನಿಂತು ನೋಡಿದ. ಮೇಸ್ತ್ರಿ ಹಿಂದಿನ ಗಾಲಿಯ ಕಲ್ಲಿನ ಹತ್ತಿರ, ನಾನು ಇನ್ನೊಂದರ ಹತ್ತಿರ. ಕ್ಲಚ್ಚು ಬಿಡುತ್ತಿದ್ದಂತೆ ಗೌಡರ ಎಡಗೈ ಅಭ್ಯಾಸಬಲದಿಂದ ಲಿವರಿನ ಕಡೆ ಹೋಯಿತು. ಪಟಾರ್ ಅಂತ ಏಟು ಬಿದ್ದ ಸದ್ದು ಹೊರಗೆ ಕೇಳಿಸಿತು.

"ಸ್ಟೇರಿಂಗ್ ಹಿಡ್ಕಳೋ ಮೂದೇವಿ!"

ಗಾಡಿ ಎದ್ದಿತು. ಅಷ್ಟು ಭಾರ ಹೊತ್ತುಕೊಂಡು, ಅಂಥ ಏರಿನಲ್ಲಿ, ನಿಂತಲ್ಲಿಂದ, ಬರೀ ಹಿಂದಿನ ಗಾಲಿಯಲ್ಲಿ ಎದ್ದು ಹೊರಟೇಬಿಟ್ಟಿತು. ಕಲ್ಲು ಬದಿಗೆ ಎಸೆದು ಓಡಿ ಹತ್ತಿಕೊಂಡೆವು. ರಾಮಣ್ಣನೂ ಪಂಚೆ ಎತ್ತಿ ಕಟ್ಟಿ ಓಡಿದ. ಮೇಸ್ತ್ರಿ ಅವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು. ಮೇಲಕ್ಕೆ ಹೋಗುವವರೆಗೆ ಮತ್ತೆ ನಿಲ್ಲಲಿಲ್ಲ. ಒಂದು ಚೀಲವೂ ಇಳಿಯಲಿಲ್ಲ.

ಅಂಗಡಿ ಸಾಲಿನ ಮುಂದೆ ರಾಮಣ್ಣ ಸ್ವಲ್ಪ ಬಿಗುಮಾನ ಮಾಡಿದ. ನಡುವೆ ನಿಂತಿತಲ್ಲ ಅಂದ. ಚಿಕ್ಕತಾಯಮ್ಮ ಸೀಟಿನಿಂದ ಇಳಿಯದೆಯೇ ಅವನನ್ನು ಕರೆದರು. "ಗಾಡಿ ನಿಲ್ನಿಲ್ಲ, ನಾನು ನಿಲ್ಲಿಸ್ದೆ. ಏನೀಗ?" ಅವನು ಕೆಲಸ ಗೌಡರಿಗೇ ಅಂತ ಒಪ್ಪಿಕೊಂಡ. ಒಪ್ಪದೆ ಅವರಿಂದ ಪಾರಾಗುವಂತಿರಲಿಲ್ಲ.

ಚೀಲ ಇಳಿಸುವಾಗ ನನ್ನ ಉಗುರು ಸಂದಿನ ಕೆಂಪು ಆ ಮುದುಕಿಯ ಕಣ್ಣಿಗೆ ಬಿತ್ತು. ಎಷ್ಟು ಸೀಮೆಎಣ್ಣೆಯಲ್ಲಿ ತೊಳೆದರೂ ಹೋಗಿರಲಿಲ್ಲ.

"ಅದೇನೇ ಕೈಯಲ್ಲಿ?"

"ಕುಂಕುಮ."

"ಎಲ್ಲಿಗೆ ಇಟ್ಟೆ?"

"ನಿಮ್ ಗಾಡಿ ಹಲ್ಲಿಗೆ. ಎಲ್ಲಿ ಉಜ್ಜುತ್ತೆ ಅಂತ ನೋಡೋಕೆ. ಪೂಜೆಗಲ್ಲ."

ಅವರು ನನ್ನ ಹಣೆ ನೋಡಿದರು. ಬೈಯುತ್ತಾರೆ ಅಂದುಕೊಂಡು ನಾನೂ ಉತ್ತರ ಸಿದ್ಧ ಮಾಡಿಕೊಂಡೆ. ಬೈಯಲಿಲ್ಲ. "ಮುಂದ್ಲ ಆಕ್ಸಲ್ಲಿಗೂ ಇಡ್ಬೇಕಲ್ವಾ?" ಅಂದರು. "ಇಡುವಾಗ ಹೇಳು, ಒಳ್ಳೇ ಕುಂಕುಮ ಕೊಟ್ಟು ಕಳಿಸ್ತೀನಿ. ಅಂಗಡಿದು ಬರೀ ಬಣ್ಣ."

ಇಳಿಯುವಾಗ ಇನ್ನೊಂದು ಲಾಭ ಕಂಡಿತು. ಗೇರು ಹಾಕಿ ಕಾಲು ತೆಗೆದರೆ ಸಾಕು, ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತಿತ್ತು. ಬ್ರೇಕು ಕಾಯಲಿಲ್ಲ. ಹತ್ತುವುದನ್ನೇ ಯೋಚಿಸುತ್ತೀರಿ, ಇಳಿಯುವುದನ್ನೂ ಯೋಚಿಸಿ ಸೆಟ್ಟು ಆರಿಸಿ. ಮೇಸ್ತ್ರಿಯ ಮುದ್ದಿನ ಆರರ ಸೆಟ್ಟು ಗುಜರಿಗೆ ಹೋಗಲಿಲ್ಲ, ಆಮೇಲೆ ಒಂದು ಕಲ್ಲುಗಣಿಯ ಗಾಡಿಗೆ ಹಾಕಿದೆವು. ಅದು ಹಗಲೆಲ್ಲ ಗುಂಡಿಯಿಂದ ಕಲ್ಲು ಹೊತ್ತು ಹತ್ತುವ ಗಾಡಿ, ಬಯಲು ರಸ್ತೆ ಕಂಡದ್ದೇ ಕಡಿಮೆ. ಅಲ್ಲಿ ಅದು ಹೇಳಿ ಮಾಡಿಸಿದಂತಿತ್ತು.

ಮಾರನೆಯ ದಿನ ಗ್ಯಾರೇಜಿಗೆ ಹೋದವಳು ಅಭ್ಯಾಸದಂತೆ ತೊಟ್ಟಿಯ ಮುಂದೆ ಕೂತೆ. ಮೇಸ್ತ್ರಿ ಚಹಾ ಕುಡಿಯುತ್ತ ನೋಡುತ್ತಿದ್ದರು. ಲೋಟ ಕೆಳಗಿಟ್ಟರು.

"ಅಲ್ಲಿ ಏನ್ ಕೆಲಸ ನಿಂಗೆ?"

ಎದ್ದು ಬೆಂಚಿಗೆ ಹೋದೆ. ಅದರ ಮೇಲೆ ಒಂದು ದೊಡ್ಡ ಪಾನಾ ಇಟ್ಟಿದ್ದರು. ಆಚೆ ಅಂಗಳದಲ್ಲಿ ಗೌಡರ ಗಾಡಿ ನಿಂತಿತ್ತು, ಹಾರ ಬಾಡಿತ್ತು.

"ಮೊದ್ಲು ಆ ಮುಂದಿನ ಶಾಫ್ಟು ಬಿಚ್ಚು," ಅಂದರು. "ಬೋಲ್ಟು ತುಕ್ಕು ಹಿಡಿದಿದೆ ಅಂತ ಹೇಳ್ಬೇಡ."

ತುಕ್ಕು ಹಿಡಿದಿತ್ತು. ಬಿಚ್ಚಿದೆ. ಈಗ ಗಾಡಿಗಳ ಜೊತೆ ಕಂಪನಿಯ ಪುಸ್ತಕ ಬರುತ್ತದೆ, ಯಾವ ಟೈರಿಗೆ ಯಾವ ಸೆಟ್ಟು ಅಂತ ಅದರಲ್ಲೇ ಇರುತ್ತದೆ. ನೋಡಿ ಹಾಕಿ, ಹಗ್ಗ ಮಡಿಸುವ ಕಷ್ಟ ನಿಮಗೆ ಯಾಕೆ? ಆದರೆ ಎರಡು ಆಕ್ಸಲ್ಲಿಗೂ ಒಂದೇ ಸೆಟ್ಟು ಸಿಗುವವರೆಗೆ ಶಾಫ್ಟು ಬಿಚ್ಚಿ ಗೋಡೆಗೆ ಒರಗಿಸಿ. ಲಿವರ್ ಕಟ್ಟಿದ್ದೇವೆ ಅಂತ ನಂಬಿ ಕೂರಬೇಡಿ. ಹಗ್ಗವನ್ನು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಬಿಚ್ಚಿಬಿಡುತ್ತಾರೆ. ಬಿಚ್ಚಿಟ್ಟ ಶಾಫ್ಟನ್ನು ಮತ್ತೆ ಹಾಕಬೇಕಾದರೆ ಪಾನಾ ಕೇಳಿಕೊಂಡು ನಿಮ್ಮ ಬೆಂಚಿಗೇ ಬರಬೇಕು.